ಗಲ್ಫ್‌ಗೆ ಕೆಲಸಕ್ಕೆ ಹೊರಟಿದ್ದೀರಾ? ಪಾಸ್‌ಪೋರ್ಟ್ ಕೈಯಿಂದ ಬಿಡುವ ಮುಂಚೆ ಇದನ್ನು ಓದಿ

ಕಳೆದ ಮಳೆಗಾಲದಲ್ಲಿ ಬೈಂದೂರು ಕಡೆಯ ಒಬ್ಬ ಹುಡುಗ ಅಮ್ಮನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಕೊಡೆ ಮಡಚಿ ಜಗುಲಿಯ ಮೂಲೆಗೆ ಇಟ್ಟವನೇ ಮೊಬೈಲ್ ಮುಂದೆ ಹಿಡಿದ. "ಅಣ್ಣಾ, ವೀಸಾ ಬಂತು. ಶುಕ್ರವಾರ ಬಜ್ಪೆಯಿಂದ ಫ್ಲೈಟ್. ಒಂದ್ಸಲ ನೋಡಿ, ಎಲ್ಲ ಸರಿ ಇದೆ ಅಲ್ವಾ?" ಹೆಸರು ಸರಿ ಇತ್ತು. ಫೋಟೊ ಸರಿ ಇತ್ತು. ಪಾಸ್‌ಪೋರ್ಟ್ ನಂಬರೂ ಸರಿ ಇತ್ತು. ಆದರೆ ಮೇಲ್ಗಡೆ ಟೂರಿಸ್ಟ್, 60 ದಿನ ಅಂತ ಬರೆದಿತ್ತು. ಏಜೆಂಟನಿಗೆ ಕೊಟ್ಟಿದ್ದು 90 ಸಾವಿರ, ಅದರಲ್ಲಿ ಅರ್ಧದಷ್ಟು ಅಮ್ಮನ ಬಳೆಯನ್ನು ಸೊಸೈಟಿಯಲ್ಲಿ ಅಡವಿಟ್ಟು ತಂದ ದುಡ್ಡು. "ಇದು ವೀಸಾನೇ ಅಲ್ವಾ ಮಗಾ?" ಅಂತ ಆ ತಾಯಿ ಕೇಳಿದರು. ವೀಸಾನೇ ಅಮ್ಮ, ಆದರೆ ಕೆಲಸದ್ದಲ್ಲ, ಊರು ನೋಡಿಕೊಂಡು ವಾಪಸ್ ಬರುವವರಿಗೆ ಕೊಡುವ ವೀಸಾ ಅಂತ ಹೇಳಲು ನನಗೆ ಬಾಯೇ ಬರಲಿಲ್ಲ.

ನಾನು 11 ವರ್ಷ ದುಬೈ, ಶಾರ್ಜಾದ ಕಂಪನಿಗಳಲ್ಲಿ ಕೆಲಸಗಾರರ ವೀಸಾ ಪೇಪರ್ ನೋಡಿಕೊಳ್ಳುವ ಕೆಲಸ ಮಾಡಿದವನು. ಈಗ ಊರಿನಲ್ಲೇ ಇದ್ದೇನೆ. ವಾರಕ್ಕೆ ಇಬ್ಬರು ಮೂವರಾದರೂ ಪೇಪರ್ ತೋರಿಸಲು ಬರುತ್ತಾರೆ. ಬರುವವರಲ್ಲಿ ಜಾಸ್ತಿ ಜನ ದುಡ್ಡು ಕೊಟ್ಟಾದ ಮೇಲೆ ಬರುತ್ತಾರೆ, ಅದೇ ಬೇಸರ. ಹಾಗಾಗಿ ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು ಅನ್ನುವುದನ್ನು ಒಂದೊಂದಾಗಿ ಬರೆದಿಟ್ಟಿದ್ದೇನೆ. ನಿಮಗೆ ಬೇಡದಿದ್ದರೆ ನಿಮ್ಮ ಮನೆಯ ಪಕ್ಕದ ಹುಡುಗನಿಗೆ ಬೇಕಾಗಬಹುದು.

ಮೊದಲೇ ಒಂದು ಮಾತು. ಆಫರ್ ಲೆಟರ್, ವೀಸಾ, ಕಾಂಟ್ರ್ಯಾಕ್ಟ್ ಈ ಮೂರರಲ್ಲೂ ಕಂಪನಿ ಹೆಸರು ಒಂದೇ ಇರಬೇಕು, ಕೆಲಸದ ಹೆಸರು ಒಂದೇ ಇರಬೇಕು. ಆಫರ್ ಲೆಟರ್, ಕಾಂಟ್ರ್ಯಾಕ್ಟ್ ಎರಡರಲ್ಲೂ ಸಂಬಳ ಒಂದೇ ಇರಬೇಕು. ಒಂದು ಕಡೆ ವ್ಯತ್ಯಾಸ ಕಂಡರೂ ಅಲ್ಲೇ ನಿಲ್ಲಿ. ಕೆಳಗೆ ಬರೆದಿದ್ದೆಲ್ಲ ಈ ಮೂರನ್ನು ತಾಳೆ ನೋಡುವ ಕೆಲಸವೇ.

ಪಾಸ್‌ಪೋರ್ಟ್ ತೆಗೆದು ಒಳಗಿನ ಪುಟ ನೋಡಿ

ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದರೂ ನಡೆಯಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇಸಿಆರ್ ವಿಷಯ. ನಿಮ್ಮ ಪಾಸ್‌ಪೋರ್ಟಿನಲ್ಲಿ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಅಂತ ಅಚ್ಚಾಗಿದ್ದರೆ ಅದು ಇಸಿಆರ್ ಪಾಸ್‌ಪೋರ್ಟ್. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇದೇ ಬರುತ್ತದೆ. ಇಂಥವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್ ಸೇರಿ ಒಟ್ಟು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಭಾರತ ಸರ್ಕಾರದ ಅನುಮತಿ ಬೇಕು. ಅದಕ್ಕೆ ಎಮಿಗ್ರೇಷನ್ ಕ್ಲಿಯರೆನ್ಸ್ ಅನ್ನುತ್ತಾರೆ. ಇದು 1983ರ ಎಮಿಗ್ರೇಷನ್ ಕಾಯ್ದೆಯ ನಿಯಮ.

ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಕ್ಲಿಯರೆನ್ಸ್ ಕೊಡುವ ಮುಂಚೆ ನಿಮ್ಮ ಕಂಪನಿ, ನಿಮ್ಮ ಸಂಬಳ, ನಿಮ್ಮ ಕಾಂಟ್ರ್ಯಾಕ್ಟ್ ಸರ್ಕಾರದ ದಾಖಲೆಗೆ ಹೋಗುತ್ತದೆ. ನಾಳೆ ಅಲ್ಲಿ ಏನಾದರೂ ಆದರೆ ನೀವು ಎಲ್ಲಿದ್ದೀರಿ, ಯಾರ ಕೈಕೆಳಗಿದ್ದೀರಿ ಅನ್ನುವುದು ಒಂದು ಕಡೆಯಾದರೂ ಬರೆದಿರುತ್ತದೆ. ಸುಳ್ಳು ಏಜೆಂಟರಿಗೆ ಇದೇ ಬೇಡವಾದದ್ದು. ಅದಕ್ಕೇ ಅವರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ, ವಿಸಿಟ್‌ಗೆ ಕ್ಲಿಯರೆನ್ಸ್ ಬೇಕಾಗಿಲ್ಲವಲ್ಲ.

ಹತ್ತನೇ ತರಗತಿ ಪಾಸಾಗಿಯೂ ಇಸಿಆರ್ ಪಾಸ್‌ಪೋರ್ಟ್ ಇಟ್ಟುಕೊಂಡವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಕೊಡದೆ ಬಿಟ್ಟಿರುತ್ತಾರೆ, ಅಷ್ಟೇ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ರೀ-ಇಶ್ಯೂಗೆ ಅರ್ಜಿ ಹಾಕಿ, ಮಾರ್ಕ್ಸ್ ಕಾರ್ಡ್ ತೋರಿಸಿ ಅದನ್ನು ತೆಗೆಸಬಹುದು. 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಇದಕ್ಕೆ ಯಾರಿಗೂ ಐದು ಸಾವಿರ ಕೊಡಬೇಕಾಗಿಲ್ಲ. 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ, ಮೂರು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬಂದವರಿಗೂ ಇಸಿಆರ್ ಬೇಡ.

ಹೆಣ್ಣುಮಕ್ಕಳ ವಿಷಯ ಬೇರೆ ಇದೆ. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆ ಈ ದೇಶಗಳಿಗೆ ಮನೆಕೆಲಸಕ್ಕೆ ಹೋಗಬೇಕಾದರೆ ವಯಸ್ಸು 30 ದಾಟಿರಬೇಕು, ಸರ್ಕಾರಿ ಏಜೆನ್ಸಿ ಮೂಲಕವೇ ಹೋಗಬೇಕು. "ಅಕ್ಕಾ, ವಯಸ್ಸು ಜಾಸ್ತಿ ತೋರಿಸಿ ಕಳಿಸ್ತೇವೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಸುಳ್ಳು ದಾಖಲೆಯಲ್ಲಿ ಹೋದವರಿಗೆ ಕಷ್ಟ ಬಂದಾಗ ದೂರು ಕೊಡಲೂ ಹೆದರಿಕೆಯಾಗುತ್ತದೆ. ಮನೆಕೆಲಸದಲ್ಲಿ ನಾಲ್ಕು ಗೋಡೆಯ ಒಳಗೆ ಏನು ನಡೆಯುತ್ತಿದೆ ಅಂತ ನೋಡುವವರು ಮೊದಲೇ ಯಾರೂ ಇರುವುದಿಲ್ಲ.

ಏಜೆಂಟ್ ಯಾರು ಅಂತ ಮೊಬೈಲಿನಲ್ಲೇ ನೋಡಬಹುದು

ಹೊರದೇಶದ ಕೆಲಸಕ್ಕೆ ಜನ ಕಳಿಸಬೇಕಾದರೆ ವಿದೇಶಾಂಗ ಇಲಾಖೆಯ ಲೈಸೆನ್ಸ್ ಬೇಕು. ಟ್ರಾವೆಲ್ಸ್ ಬೋರ್ಡ್ ಇದ್ದರೆ ಸಾಲದು. ಟಿಕೆಟ್ ಮಾಡಿಕೊಡುವುದು ಬೇರೆ, ಕೆಲಸಕ್ಕೆ ಕಳಿಸುವುದು ಬೇರೆ. ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಇದೆ. ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಮುಗಿದಿದೆಯಾ, ರದ್ದಾಗಿದೆಯಾ ಅಂತ ಬರುತ್ತದೆ. ಲೈಸೆನ್ಸ್ ಇಲ್ಲದ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ಐದು ನಿಮಿಷದ ಕೆಲಸ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಊರಿಗೆ ಬರುವವನು ಸಾಮಾನ್ಯವಾಗಿ ಲೈಸೆನ್ಸ್ ಇರುವ ಆಫೀಸಿನವನಲ್ಲ. "ನಾನು ಮುಂಬೈ ಆಫೀಸಿನ ಕಡೆಯವನು" ಅನ್ನುವ ಸಬ್ ಏಜೆಂಟ್. ಕಾನೂನಿನಲ್ಲಿ ಸಬ್ ಏಜೆಂಟ್ ಅನ್ನುವ ಸ್ಥಾನವೇ ಇಲ್ಲ. ನೀವು ಅವನ ಕೈಗೆ ಕೊಟ್ಟ ದುಡ್ಡಿಗೆ ಮುಂಬೈ ಆಫೀಸಿನವರು ಜವಾಬ್ದಾರಿ ಹೊರುವುದಿಲ್ಲ, "ನಮಗೆ ಬಂದೇ ಇಲ್ಲ" ಅನ್ನುತ್ತಾರೆ. ಆದ್ದರಿಂದ ದುಡ್ಡು ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಬ್ಯಾಂಕ್ ಖಾತೆಗೇ ಹೋಗಬೇಕು, ರಸೀದಿ ಬರಬೇಕು. ಯುಪಿಐಯಲ್ಲಿ ಯಾರದೋ ಹೆಂಡತಿಯ ನಂಬರಿಗೆ ಹಾಕಿಸಿಕೊಳ್ಳುತ್ತಾರೆ. ಹಾಗೆ ಹಾಕಬೇಡಿ.

ಎಷ್ಟು ಕೊಡಬೇಕು? ಲೈಸೆನ್ಸ್ ಇರುವ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಜಾಸ್ತಿ ಅಂದರೆ 30,000 ರೂಪಾಯಿ. ಮೇಲೆ 18% ಜಿಎಸ್‌ಟಿ, ಒಟ್ಟು 35,400. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ನಿಯಮಕ್ಕೆ ವಿರುದ್ಧ. ನಮ್ಮ ಕಡೆ ಒಂದೂವರೆ ಲಕ್ಷ, ಎರಡು ಲಕ್ಷ ಅಂತ ಮಾತಾಡುವುದು ಎಷ್ಟು ರೂಢಿಯಾಗಿದೆ ಅಂದರೆ ಈ 30,000 ಹೇಳಿದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಯುಎಇಯಲ್ಲಂತೂ ವೀಸಾ ಖರ್ಚು, ನೇಮಕದ ಖರ್ಚು ಎಲ್ಲ ಕಂಪನಿಯೇ ಕೊಡಬೇಕು, ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ ಅಂತ ಅಲ್ಲಿನ ಕಾನೂನೇ ಹೇಳುತ್ತದೆ. ಹಾಗಿದ್ದರೆ "ವೀಸಾ ಖರ್ಚು" ಅಂತ ನಿಮ್ಮಿಂದ ತೆಗೆದುಕೊಂಡ ದುಡ್ಡು ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಕೇಳಿ ನೋಡಿ, ಏಜೆಂಟನ ಮುಖ ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ.

ಯಾವ ವೀಸಾ ಅಂತ ಓದಿ, ಕೇಳಿ ನಂಬಬೇಡಿ

ವಿಸಿಟ್ ವೀಸಾದ ಕಥೆ ಮೇಲೇ ಹೇಳಿದೆ. "ಅಲ್ಲಿಗೆ ಹೋದ ಮೇಲೆ ಎಂಪ್ಲಾಯ್‌ಮೆಂಟ್‌ಗೆ ಚೇಂಜ್ ಮಾಡಿಕೊಡ್ತಾರೆ" ಅನ್ನುವುದು ಇವರ ಮಾಮೂಲಿ ಮಾತು. ಓದಿಕೊಂಡವರು ಸ್ವಂತ ದುಡ್ಡಿನಲ್ಲಿ ವಿಸಿಟ್‌ಗೆ ಹೋಗಿ, ಇಂಟರ್‌ವ್ಯೂ ಕೊಟ್ಟು, ಕೆಲಸ ಸಿಕ್ಕ ಮೇಲೆ ಸ್ಟೇಟಸ್ ಬದಲಿಸಿಕೊಳ್ಳುವುದು ದುಬೈಯಲ್ಲಿ ನಡೆಯುತ್ತದೆ, ಅದು ಬೇರೆ. ಆದರೆ ವಿಸಿಟ್‌ನಲ್ಲಿ ಇರುವಾಗ ಒಂದು ದಿನ ಕೆಲಸ ಮಾಡಿದರೂ ಅದು ಅಪರಾಧ. ದಿನ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತಾ ಹೋಗುತ್ತದೆ. ಎರಡು ತಿಂಗಳು ಹೆಚ್ಚಾಗಿ ನಿಂತರೆ 3,000 ದಿರ್ಹಮ್. ಆ ದುಡ್ಡು ಕಟ್ಟಲಾಗದೆ, ವಾಪಸ್ ಬರಲೂ ಆಗದೆ, ಒಂದೇ ರೂಮಿನಲ್ಲಿ ಹತ್ತು ಜನರ ಜೊತೆ ಬಂಕರ್ ಮಂಚದಲ್ಲಿ ಮಲಗಿದ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು ನಮ್ಮಲ್ಲಿ ತುಂಬ ಓಡಾಡುತ್ತದೆ: ಫ್ರೀ ವೀಸಾ, ಆಜಾದ್ ವೀಸಾ. ಯಾರದೋ ಹೆಸರಲ್ಲಿ ವೀಸಾ, ನೀವು ಎಲ್ಲಿ ಬೇಕಾದರೂ ದುಡಿಯಬಹುದು ಅನ್ನುತ್ತಾರೆ. ಅಂಥ ವೀಸಾ ಯಾವ ಕಾನೂನಿನಲ್ಲೂ ಇಲ್ಲ. ವೀಸಾ ಕೊಟ್ಟ ಕಫೀಲ್, ಅಂದರೆ ನಿಮ್ಮನ್ನು ತನ್ನ ಹೆಸರಲ್ಲಿ ಕರೆಸಿಕೊಂಡ ಮಾಲೀಕ, ಅವನನ್ನು ಬಿಟ್ಟು ಬೇರೆ ಕಡೆ ಕೆಲಸ ಮಾಡುವಾಗ ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು ಎಲ್ಲ ನಿಮಗೇ. ಪ್ರತಿ ವರ್ಷ ರಿನ್ಯೂ ಮಾಡುವಾಗ ಆ ಕಫೀಲ್ ಎಷ್ಟು ಕೇಳುತ್ತಾನೋ ಅಷ್ಟು ಕೊಡಬೇಕು.

ಕುವೈತ್‌ಗೆ ಹೋಗುವವರು ನಂಬರ್ ಕೇಳಿ. 18 ನಂಬರ್ ಅಂದರೆ ಕಂಪನಿ ವೀಸಾ. 20 ನಂಬರ್ ಅಂದರೆ ಖಾದಿಮ್, ಅಂದರೆ ಮನೆಕೆಲಸದ ವೀಸಾ. ಹೋಟೆಲಿನಲ್ಲಿ ಕೆಲಸ, ಅಂಗಡಿಯಲ್ಲಿ ಕೆಲಸ ಅಂತ ಹೇಳಿ 20 ನಂಬರ್ ಕೊಟ್ಟು ಕಳಿಸುವುದು ಹಳೆಯ ಮೋಸ. ಸೌದಿಯಲ್ಲೂ ಹಾಗೆಯೇ. ವೀಸಾದಲ್ಲಿ ಅರಬಿಯಲ್ಲಿ 'ಸಾಯಿಖ್ ಖಾಸ್' ಅಂತಿದ್ದರೆ ಅದು ಮನೆಯ ಡ್ರೈವರ್. ನಿಮಗೆ ಕಂಪನಿಯ ಟ್ರಕ್ ಓಡಿಸುವ ಕೆಲಸ ಅಂತ ಹೇಳಿದ್ದರೆ ಅದು ಸುಳ್ಳು. ಮನೆಕೆಲಸದವರಿಗೆ, ಮನೆಯ ಡ್ರೈವರಿಗೆ ಸೌದಿಯ ಸಾಮಾನ್ಯ ಕಾರ್ಮಿಕ ಕಾನೂನು ಹೊಂದುವುದಿಲ್ಲ, ಅವರಿಗೆ ಬೇರೆ ನಿಯಮ. ಅರಬಿ ಓದಲು ಬರದಿದ್ದರೆ ಊರಿನ ಮದರಸಾದ ಉಸ್ತಾದರ ಹತ್ತಿರ ಹೋಗಿ ತೋರಿಸಿ. ಎರಡು ನಿಮಿಷದಲ್ಲಿ ಓದಿ ಹೇಳುತ್ತಾರೆ. ನಾನೇ ಎಷ್ಟೋ ಜನರನ್ನು ಹಾಗೆ ಕಳಿಸಿದ್ದೇನೆ.

ಕೆಲಸ ಹೇಳಿದ್ದು ಒಂದು, ಮಾಡಿಸಿದ್ದು ಇನ್ನೊಂದು ಅನ್ನುವುದು ಎಷ್ಟು ದೂರ ಹೋಗಬಹುದು ಅಂತ ನಾವು ಇತ್ತೀಚೆಗೆ ನೋಡಿದ್ದೇವೆ. ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಕಡೆಯ ಯುವಕರು ಯುದ್ಧದ ಜಾಗದಲ್ಲಿ ಸಿಕ್ಕಿಹಾಕಿಕೊಂಡು 2024ರಲ್ಲಿ ಜೀವ ಕೈಯಲ್ಲಿ ಹಿಡಿದು ಊರಿಗೆ ಮರಳಿದರು.

ಆಫರ್ ಲೆಟರ್ ಮೇಲೆ ಒಂದು ಗಂಟೆ ಕೂತುಕೊಳ್ಳಿ

ಇಲ್ಲಿ ನಿಧಾನ ಮಾಡಿ. ಉಳಿದದ್ದನ್ನೆಲ್ಲ ಆಮೇಲೆ ಹೇಗಾದರೂ ಸರಿಮಾಡಬಹುದು, ಸಹಿ ಹಾಕಿದ ಸಂಬಳವನ್ನು ಬದಲಿಸುವುದು ಬಹಳ ಕಷ್ಟ.

ಯುಎಇ ಆದರೆ ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಆಫರ್ ಲೆಟರ್ ಬರಬೇಕು. ಆ ಸಚಿವಾಲಯವನ್ನು ಅಲ್ಲಿ ಎಲ್ಲರೂ ಮೊಹ್ರೆ ಅನ್ನುತ್ತಾರೆ. ಕಂಪನಿಯ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿದ ಕಾಗದಕ್ಕೆ ಬೆಲೆ ಇಲ್ಲ. ಮೊಹ್ರೆಯ ಲೆಟರಿನಲ್ಲಿ ಒಂದು ನಂಬರ್ ಇರುತ್ತದೆ, ಅದನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ನಿಜವಾ ಅಂತ ನೋಡಬಹುದು. ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲೂ ಅದು ಸಿಗುತ್ತದೆ. ಹಿಂದಿ ಇದೆ, ಮಲಯಾಳ ಇದೆ, ತಮಿಳು ಇದೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟು ಜನ ಕನ್ನಡಿಗರು ಅಲ್ಲಿ ದುಡಿಯುತ್ತಿರುವಾಗ ಇದು ನನಗೆ ಯಾವಾಗಲೂ ನೋವಿನ ವಿಷಯ. ಹಿಂದಿ ಓದಲು ಬಂದರೆ ಹಿಂದಿಯದ್ದು ಕೇಳಿ, ಬರದಿದ್ದರೆ ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿ.

ಈಗ ಸಂಬಳದ ಸಾಲು. ಅಲ್ಲಿ ಒಂದೇ ಮೊತ್ತ ಇರುವುದಿಲ್ಲ. ಬೇಸಿಕ್ ಇಷ್ಟು, ಮನೆಗೆ ಇಷ್ಟು, ಓಡಾಟಕ್ಕೆ ಇಷ್ಟು, ಇತರೆ ಇಷ್ಟು ಅಂತ ಇರುತ್ತದೆ. ನಮ್ಮವರು ಕೆಳಗಿನ ಒಟ್ಟು ನೋಡಿ ಸಹಿ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಕಾಂಟ್ರ್ಯಾಕ್ಟಿನಲ್ಲಿ ಒಟ್ಟು 1,500 ದಿರ್ಹಮ್ ಇತ್ತು, ಅಷ್ಟೇ ನನ್ನ ಕಣ್ಣಿಗೆ ಬಿದ್ದಿದ್ದು. ಬೇಸಿಕ್ 600 ಅಂತ ಗಮನಿಸಿದ್ದು ಆರು ವರ್ಷ ಕಳೆದು ಆ ಕಂಪನಿ ಬಿಡುವಾಗ. ಕೆಲಸ ಬಿಟ್ಟಾಗ ಬರುವ ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮೇಲೆ ನಡೆಯುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. 600 ಬೇಸಿಕ್ ಅಂದರೆ ದಿನಕ್ಕೆ 20 ದಿರ್ಹಮ್. ಐದು ವರ್ಷಕ್ಕೆ 2,100, ಆರನೆಯ ವರ್ಷಕ್ಕೆ 600, ಒಟ್ಟು 2,700 ದಿರ್ಹಮ್ ಕೈಗೆ ಬಂತು. ನನ್ನ ಜೊತೆಗೇ ಸೇರಿದ್ದವನಿಗೆ ಒಟ್ಟು ಸಂಬಳ ಅಷ್ಟೇ ಇತ್ತು, ಬೇಸಿಕ್ 1,200 ಇತ್ತು. ಅವನಿಗೆ 5,400 ಬಂತು. ತಿಂಗಳ ಸಂಬಳ ಒಂದೇ, ಆರು ವರ್ಷದ ಬೆವರೂ ಒಂದೇ, ಕೈಗೆ ಬಂದಿದ್ದು ಮಾತ್ರ ಅರ್ಧ. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ ಅನ್ನುವುದನ್ನು ಸೇರಿಸಿಕೊಳ್ಳಿ. ಆದ್ದರಿಂದ ಮಾತಾಡುವಾಗ "ಸಂಬಳ ಎಷ್ಟು" ಅಂತ ಕೇಳಬೇಡಿ, "ಬೇಸಿಕ್ ಎಷ್ಟು" ಅಂತ ಕೇಳಿ.

ಅದೇ ಕಾಗದದಲ್ಲಿ ಇನ್ನೂ ಕೆಲವು ಸಾಲು ಹುಡುಕಿ. ಪ್ರೊಬೇಷನ್ ಎಷ್ಟು ತಿಂಗಳು, ಯುಎಇಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಒಂದು ವರ್ಷ ಮುಗಿಸಿದವರಿಗೆ ವರ್ಷಕ್ಕೆ 30 ದಿನ ರಜೆ. ರೂಮು ಯಾರು ಕೊಡುತ್ತಾರೆ, ಊಟ ಯಾರದ್ದು, ಊರಿಗೆ ಬರುವ ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ ಅನ್ನುವುದೂ ಬರಹದಲ್ಲೇ ಇರಬೇಕು. "ಅದೆಲ್ಲ ಕೊಡ್ತಾರೆ, ಬರೆಯೋದೇನು ಬೇಡ" ಅಂದರೆ ಕೊಡುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ. ಕತಾರ್‌ಗೆ ಹೋಗುವವರಿಗೆ ಒಂದು ಅಳತೆ ಇದೆ: 2021ರಿಂದ ಅಲ್ಲಿ ಕನಿಷ್ಠ ಬೇಸಿಕ್ 1,000 ರಿಯಾಲ್, ಕಂಪನಿ ರೂಮು ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300. ಸೌದಿಯಲ್ಲಿ ಕಂಪನಿ ಕೆಲಸದ ಕಾಂಟ್ರ್ಯಾಕ್ಟ್ ಕಿವಾ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಕೆಲಸಗಾರ ತನ್ನ ಖಾತೆಯಲ್ಲಿ ಅದನ್ನು ನೋಡಬಹುದು.

ಖಾಲಿ ಕಾಗದಕ್ಕೆ, ಖಾಲಿ ಬಿಟ್ಟ ಜಾಗ ಇರುವ ಕಾಗದಕ್ಕೆ ಸಹಿ ಬೇಡವೇ ಬೇಡ. ಪ್ರತಿ ಪುಟದ ಫೋಟೊ ತೆಗೆದು ಮನೆಯವರಿಗೆ ಕಳಿಸಿದ ಮೇಲೆಯೇ ಕಾಗದ ವಾಪಸ್ ಕೊಡಿ.

ಮೆಡಿಕಲ್, ಅಟೆಸ್ಟೇಷನ್, ಟೆಸ್ಟ್

ಸೌದಿ, ಕುವೈತ್ ಮುಂತಾದ ಕಡೆಗೆ ವೀಸಾ ಕೈಗೆ ಬರುವ ಮುಂಚೆ ಇಲ್ಲೇ ಮೆಡಿಕಲ್ ಮಾಡಿಸಬೇಕು. ಹಿಂದೆ ಗಮ್ಕಾ ಅನ್ನುತ್ತಿದ್ದರು, ಈಗ ವಾಫಿದ್ ಅನ್ನುವ ವೆಬ್‌ಸೈಟಿನಲ್ಲಿ ಬುಕ್ ಮಾಡಬೇಕು. ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಎಲ್ಲ ನೋಡುತ್ತಾರೆ. ಯಾವಾಗಲೋ ವಾಸಿಯಾದ ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡರೂ ಅನ್‌ಫಿಟ್ ಆಗಬಹುದು. ಅದಕ್ಕೆ ನನ್ನ ಸಲಹೆ ಏನಂದರೆ, ಏಜೆಂಟನಿಗೆ ದುಡ್ಡು ಕೊಡುವ ಮುಂಚೆ, ಇಲ್ಲಿನ ಕೆಲಸ ಬಿಡುವ ಮುಂಚೆ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ, ಒಂದು ರಕ್ತ ಪರೀಕ್ಷೆ ನೀವೇ ಮಾಡಿಸಿ. ಕೆಲವು ನೂರು ರೂಪಾಯಿಗೆ ಮುಂದಾಗುವ ದೊಡ್ಡ ನಷ್ಟ ತಪ್ಪುತ್ತದೆ. ಅನ್‌ಫಿಟ್ ಆದರೆ ದುಡ್ಡು ಕೊಟ್ಟು ಫಿಟ್ ಮಾಡಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಅಲ್ಲಿ ಇಳಿದ ಮೇಲೆ ಇಕಾಮಾಕ್ಕೆ, ಅಂದರೆ ಅಲ್ಲಿ ವಾಸ ಮಾಡುವ ಪರವಾನಗಿಗೆ, ಮತ್ತೆ ಪರೀಕ್ಷೆ ಇದೆ, ಆಗ ವಾಪಸ್ ಕಳಿಸುತ್ತಾರೆ.

ಸೌದಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ಥರದ ಕೆಲಸಕ್ಕೆ ಹೋಗುವವರಿಗೆ ತಕಾಮುಲ್ ಅನ್ನುವ ಕೌಶಲ ಪರೀಕ್ಷೆ ಬಂದಿದೆ. ಕಂಪ್ಯೂಟರ್ ಮೇಲೆ ಪ್ರಶ್ನೆ, ಆಮೇಲೆ ಕೈಯಲ್ಲಿ ಮಾಡಿ ತೋರಿಸುವುದು. ಕೆಲಸ ಬಲ್ಲವನಿಗೆ ಹೆದರಿಕೆ ಬೇಡ.

ಡಿಗ್ರಿ, ಡಿಪ್ಲೊಮಾ ತೋರಿಸಿ ಹೋಗುವವರಿಗೆ ಅಟೆಸ್ಟೇಷನ್ ಇದೆ, ಅಂದರೆ ಸರ್ಟಿಫಿಕೇಟ್ ನಿಜ ಅಂತ ಸೀಲ್ ಹಾಕಿಸುವುದು. ಮೊದಲು ರಾಜ್ಯದ ಸೀಲ್, ಆಮೇಲೆ ವಿದೇಶಾಂಗ ಇಲಾಖೆಯದ್ದು. ಸೌದಿ, ಒಮಾನ್, ಬಹ್ರೇನ್ ಆದರೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಅನ್ನುವ ಸೀಲ್ ಸಾಕು. ಯುಎಇ, ಕುವೈತ್, ಕತಾರ್ ಆದರೆ ಆ ದೇಶದ ರಾಯಭಾರ ಕಚೇರಿಯ ಸೀಲ್ ಕೂಡ ಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು, ಆಫರ್ ಬಂದ ಮೇಲೆ ಓಡಾಡುವುದಕ್ಕಿಂತ ಮುಂಚೆಯೇ ಶುರು ಮಾಡಿ. ಮೂಲ ಸರ್ಟಿಫಿಕೇಟ್ ಏಜೆಂಟನ ಹತ್ತಿರ ಬಿಡಬೇಡಿ. ಬಿಡಲೇಬೇಕಾದರೆ ರಸೀದಿ ಇಲ್ಲದೆ ಬೇಡ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಪಾಸ್‌ಪೋರ್ಟ್ ಸೇವಾದಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ.

ಕ್ಲಿಯರೆನ್ಸ್ ಮತ್ತು ವಿಮೆ

ಇಸಿಆರ್ ಇರುವವರು ಇಮೈಗ್ರೇಟ್ ಮೂಲಕ ಕ್ಲಿಯರೆನ್ಸ್‌ಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೇ ಈ ಕ್ಲಿಯರೆನ್ಸ್ ಕೊಡುವ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ಇದೆ. ಇದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಜೀವ ಹೋದರೆ, ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ ರೂಪಾಯಿ. ಪಾಲಿಸಿ ಕಾಗದವನ್ನು ನೀವು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರೆ ಮನೆಯವರಿಗೆ ಅದು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ನಾಮಿನಿ ಯಾರೋ ಅವರ ಕೈಗೇ ಕೊಡಿ, ಏನು ಅಂತ ಬಿಡಿಸಿ ಹೇಳಿ. ಹೇಳಲು ಸಂಕಟವಾಗುತ್ತದೆ, ಆದರೂ ಹೇಳಿ.

ಅಲ್ಲಿ ಹೋಟೆಲ್, ಗ್ಯಾರೇಜ್ ನಡೆಸುವ ನಮ್ಮವರಿಗೂ ಎರಡು ಮಾತು

ದುಬೈಯ ದೇರಾದಲ್ಲೋ ಕರಾಮಾದಲ್ಲೋ ಹೋಟೆಲ್ ಹಾಕಿ, ಅಡುಗೆಗೆ ಊರಿನ ಭಟ್ಟರೇ ಬೇಕು, ಕೆಲಸಕ್ಕೆ ಊರಿನ ಹುಡುಗರೇ ಬೇಕು ಅನ್ನುವವರು ತುಂಬ ಇದ್ದಾರೆ. ಒಳ್ಳೆಯ ಮನಸ್ಸು. ಆದರೆ ದಾರಿ ಸರಿ ಇರಲಿ. ಇಸಿಆರ್ ಇರುವ ಕೆಲಸಗಾರನನ್ನು ಕರೆಸಬೇಕಾದರೆ ನಿಮ್ಮ ಕಂಪನಿ ಇಮೈಗ್ರೇಟ್‌ನಲ್ಲಿ ಎಂಪ್ಲಾಯರ್ ಅಂತ ನೋಂದಾಯಿಸಿಕೊಳ್ಳಬೇಕು. ನೇರವಾಗಿ ಕರೆಸಬಹುದು, ಇಲ್ಲ ಲೈಸೆನ್ಸ್ ಇರುವ ಏಜೆಂಟಿಗೆ ಇಷ್ಟು ಜನ ಬೇಕು ಅನ್ನುವ ಡಿಮಾಂಡ್ ಲೆಟರ್, ನಿಮ್ಮ ಪರವಾಗಿ ಜನ ತೆಗೆದುಕೊಳ್ಳುವ ಪವರ್ ಆಫ್ ಅಟಾರ್ನಿ ಕೊಟ್ಟು ಕರೆಸಬಹುದು. ಊರಲ್ಲಿರುವ ಭಾವನಿಗೆ "ನಾಲ್ಕು ಜನ ನೋಡು, ತಲೆಗೆ ಇಷ್ಟು ತಗೋ" ಅಂತ ಹೇಳಿದರೆ ಅವನು ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದ ಏಜೆಂಟ್ ಆಗುತ್ತಾನೆ. ಅದಕ್ಕೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಇನ್ನು ವಿಸಿಟ್‌ನಲ್ಲಿ ಕರೆಸಿ ಕೆಲಸ ಮಾಡಿಸುವ ಕಂಪನಿಗೆ ಯುಎಇ 2024ರಲ್ಲಿ ದಂಡ ಏರಿಸಿತು: ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್. ಒಂದು ವರ್ಕ್ ಪರ್ಮಿಟ್ಟಿನ ಖರ್ಚು ಉಳಿಸಲು ಹೋಗಿ ಅಂಗಡಿಯನ್ನೇ ಕಳೆದುಕೊಳ್ಳುವುದು ಯಾಕೆ?

ಇಳಿದ ಮೇಲೆ

ಯುಎಇಯಲ್ಲಾದರೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ, ಲೇಬರ್ ಕಾಂಟ್ರ್ಯಾಕ್ಟ್ ಎಲ್ಲ ಬಂದ ಮೇಲೆ ಆಗುತ್ತದೆ. ಆ ಕಾಂಟ್ರ್ಯಾಕ್ಟ್ ಮುಂದೆ ಬಂದಾಗ ಮೊಬೈಲಿನಲ್ಲಿರುವ ಆಫರ್ ಲೆಟರ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಬೇಸಿಕ್ ಕಡಿಮೆಯಾಗಿದ್ದರೆ ಸಹಿ ಹಾಕಬೇಡಿ, ಯಾಕೆ ಅಂತ ಕೇಳಿ. ಪಾಸ್‌ಪೋರ್ಟ್ ಆಫೀಸಿನಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವುದು ಅಲ್ಲಿ ಕಾನೂನಿಗೆ ವಿರುದ್ಧ. ವೀಸಾ ಕೆಲಸಕ್ಕೆ ಅಂತ ಕೊಟ್ಟರೂ ವಾಪಸ್ ತೆಗೆದುಕೊಳ್ಳಿ. ಸಂಬಳ ಬ್ಯಾಂಕ್ ಮೂಲಕ ಬರಬೇಕು. ಕೈಯಲ್ಲಿ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರೆ ನಾಳೆ ದೂರು ಕೊಡುವಾಗ ನಿಮ್ಮ ಹತ್ತಿರ ಸಾಕ್ಷಿ ಇರುವುದಿಲ್ಲ. ಬಯಲಲ್ಲಿ ಕೆಲಸ ಮಾಡುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ಬಿಡುವು ಕೊಡಲೇಬೇಕು. ಆ ಬಿಸಿಲು ನೋಡಿದವರಿಗೇ ಗೊತ್ತು ಇದರ ಬೆಲೆ.

ಕಷ್ಟ ಬಂದರೆ ಓಡಿಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿ ಅಡಗಿ ದುಡಿದರೆ ಕಫೀಲ್ ಸೌದಿಯಲ್ಲಿ ಹುರೂಬ್ ಹಾಕುತ್ತಾನೆ, ಅಂದರೆ ಓಡಿಹೋದವನು ಅಂತ ದಾಖಲೆ. ಆಮೇಲೆ ನಿಮ್ಮ ನ್ಯಾಯವಾದ ದೂರೂ ದುರ್ಬಲ ಆಗುತ್ತದೆ. ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಿ, ಭಾರತದ ರಾಯಭಾರ ಕಚೇರಿಗೆ ತಿಳಿಸಿ. ಯುಎಇಯಲ್ಲಿರುವವರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಭಾರತದಲ್ಲಿರುವ ಮನೆಯವರು 1800 11 3090ಕ್ಕೆ ಕರೆ ಮಾಡಬಹುದು. ಮದದ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಮನೆಯವರೇ ದೂರು ದಾಖಲಿಸಿ, ಎಲ್ಲಿಗೆ ಬಂತು ಅಂತ ನೋಡುತ್ತಿರಬಹುದು. ಹಾಗೇ ಬ್ಯಾಂಕಿನ ವಿಷಯ: ಹೊರದೇಶಕ್ಕೆ ಹೋದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರು ಊರಿನ ದುಡ್ಡಿಗೆ ಇಡುವ ಖಾತೆ, ಮಾಡಿಸಬೇಕು, ಅಲ್ಲಿಂದ ಕಳಿಸುವ ದುಡ್ಡಿಗೆ ಒಂದು ಎನ್‌ಆರ್‌ಇ ಖಾತೆ ತೆರೆಯಿರಿ.

ಹೊರಡುವ ಹಿಂದಿನ ರಾತ್ರಿ

ಪೆಟ್ಟಿಗೆ ಕಟ್ಟುವ ಮುಂಚೆ ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಳ್ಳಿ. ಪಾಸ್‌ಪೋರ್ಟಿನ ಎಲ್ಲ ಪುಟದ ಜೆರಾಕ್ಸ್, ವೀಸಾ, ಆಫರ್ ಲೆಟರ್, ವಿಮೆ, ಏಜೆಂಟಿಗೆ ಕೊಟ್ಟ ದುಡ್ಡಿನ ರಸೀದಿ ಹಾಕಿ. ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಕಂಪನಿಯ ಹೆಸರು, ಊರು, ಫೋನ್ ನಂಬರ್, ಮೇಲೆ ಬರೆದ ಸಹಾಯದ ನಂಬರ್ ಬರೆದು ಅದನ್ನೂ ಸೇರಿಸಿ ಮನೆಯಲ್ಲಿ ಕೊಡಿ.

ಬೈಂದೂರಿನ ಆ ಹುಡುಗ ಶುಕ್ರವಾರದ ಫ್ಲೈಟ್ ಬಿಟ್ಟ. ಏಜೆಂಟನ ಹತ್ತಿರ ಮೂರು ಸಲ ಹೋಗಿ, ಪೊಲೀಸ್ ಸ್ಟೇಷನ್ನಿಗೆ ದೂರು ಬರೆದು ತೋರಿಸಿದ ಮೇಲೆ 90 ಸಾವಿರದಲ್ಲಿ 55 ಸಾವಿರ ವಾಪಸ್ ಬಂತು. ಏಳು ತಿಂಗಳ ಮೇಲೆ ಲೈಸೆನ್ಸ್ ಇರುವ ಆಫೀಸ್ ಮೂಲಕ ಶಾರ್ಜಾಕ್ಕೆ ಹೋದ, ಎಸಿ ಮೆಕ್ಯಾನಿಕ್ ಅಂತ, ಬೇಸಿಕ್ 1,100. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಅವನ ಅಮ್ಮ ಕಪಾಟಿನ ಬೀಗ ತೆಗೆದು ಆ ಕವರ್ ತೋರಿಸಿದರು. ಪಡಿತರ ಚೀಟಿಯ ಕೆಳಗೆ, ಬಿಡಿಸಿ ತಂದ ಬಳೆಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದರು.